ಮೂರನೆಯ ಏಟು

ಸಾಲಿನ ಕೊನೆಯಲ್ಲಿ ಕರ್ಸರ್ ಮಿಟುಕುತ್ತಿತ್ತು. ಅಳಿಸುವುದಕ್ಕೆ ಒಂದು ಬೆರಳು ಸಾಕು. ದೇವರಾಜು ಆ ಬೆರಳನ್ನು ಹತ್ತು ನಿಮಿಷದಿಂದ ಕೀಲಿಯ ಮೇಲೆ ಇಟ್ಟುಕೊಂಡು ಕೂತಿದ್ದ.

'ಈ ದಿನದವರೆಗೆ ಯಾವ ಸರ್ಕಾರಿ ಕಚೇರಿಯೂ ನಮ್ಮಲ್ಲಿ ನಿಮ್ಮ ವಿವರ ಕೇಳಿಲ್ಲ. ಕೇಳಿದ ದಿನ ಈ ಸಾಲು ಇಲ್ಲಿ ಇರುವುದಿಲ್ಲ.'

ಬರೆದವನು ಅವನೇ. ಎರಡು ವರ್ಷದ ಹಿಂದೆ, ಇದೇ ಕುರ್ಚಿಯಲ್ಲಿ, ಬಹಳ ಸಂತೋಷದಿಂದ ಬರೆದಿದ್ದ. ಬರೆದ ದಿನ ಮನೆಗೆ ಹೋಗಿ ಹೆಂಡತಿಗೆ ಓದಿ ಹೇಳಿದ್ದ. ಗಂಗಲಕ್ಷ್ಮಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. 'ಚೆನ್ನಾಗಿದೆ' ಎಂದು ಇನ್ನೊಂದು ಪತ್ರಿಕೆ ಎತ್ತಿಕೊಂಡಿದ್ದಳು.

ಫೋನ್ ಬಡಿದುಕೊಂಡಿತು. ಅಂಬರೀಶ್. 'ಊರಬಾಗಿಲು' ಎಂಬ ಈ ಜಾಲತಾಣದ ಮಾಲೀಕ.

"ಸಾರ್, ಆ ಪೇಜಿಗೆ ಕೈ ಹಾಕ್ಬೇಡಿ."

"ಯಾವ ಪೇಜು?"

"ಗೊತ್ತಲ್ಲ ಸಾರ್."

"ಸರ್ಕಾರದಿಂದ ಪತ್ರ ಬಂದಿರೋದು ನಿಜ ಅಲ್ವಾ?"

"ಬಂದಿರೋದೂ ನಿಜ. ಬಂದಿದೆ ಅಂತ ಯಾರಿಗೂ ಹೇಳ್ಕೂಡ್ದು ಅಂತ ಅದರಲ್ಲೇ ಬರೆದಿರೋದೂ ನಿಜ."

"ನಾನು ಹೇಳ್ತಾ ಇಲ್ಲ. ಒಂದು ಸಾಲು ತೆಗೀತಿದೀನಿ, ಅಷ್ಟೆ."

"ತೆಗೆದ್ರೆ ಹೇಳಿದ ಹಾಗೇ ಆಯ್ತಲ್ಲ?"

"ಇಟ್ಕೊಂಡ್ರೆ ಸುಳ್ಳು ಹೇಳಿದ ಹಾಗೆ." ದೇವರಾಜು ಕೀಲಿಯಿಂದ ಬೆರಳು ತೆಗೆಯದೆ ಕೇಳಿದ. "ಅವರು ಕೇಳಿದ ನಂಬರ್ ಕೊಟ್ಬಿಟ್ರಾ?"

"ಸೋಮವಾರಾನೇ."

"ನನ್ನ ಕೇಳಬೇಕಿತ್ತು."

"ಕೇಳಿದ್ರೆ ನೀವೇನ್ ಮಾಡ್ತಿದ್ರಿ ಸಾರ್?"

ಅಂಬರೀಶ್ ತಾನೇ ಸಣ್ಣಗೆ ನಕ್ಕು, "ಯಾರು ಓದ್ತಾರೆ ಬಿಡಿ ಸಾರ್ ಆ ಪೇಜನ್ನ. ಊಟ ಆಯ್ತಾ?" ಎಂದ. ಬೆಳಿಗ್ಗೆ ಹತ್ತೂವರೆಯಾಗಿತ್ತು.

ಊರಬಾಗಿಲಿನಲ್ಲಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಜನ ತಮ್ಮ ಊರಿನ ಹುಳುಕಿನ ಫೋಟೋ ಹಾಕುತ್ತಾರೆ. ಬಾಗಿಲು ತೆರೆಯದ ಆಸ್ಪತ್ರೆ, ಮುರಿದ ಮೋರಿ, ನೀರು ಬಾರದ ನಲ್ಲಿ. ಹೆಸರು ಹಾಕಬೇಕಾಗಿಲ್ಲ. ಇಂಥ ತಾಣಕ್ಕೆ ದೂರು ಕೇಳುವ ಅಧಿಕಾರಿ ಒಬ್ಬ ಇರಲೇಬೇಕೆಂದು ಕಾನೂನಿದೆಯಂತೆ. ಆದ್ದರಿಂದ ಪ್ರತಿ ಪುಟದ ಕೆಳಗೂ ದೇವರಾಜುವಿನ ಹೆಸರು, ವಿಳಾಸ, ಸ್ವಲ್ಪ ಹೆದರಿದಂತೆ ಕಾಣುವ ಒಂದು ಫೋಟೋ ಇದ್ದವು. ಅದಕ್ಕೆ ಮೊದಲು ಅವನು ಸಿರಾದ ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕನಾಗಿದ್ದ. ಹನ್ನೊಂದು ವರ್ಷ ಅತಿಥಿ. ಅಷ್ಟು ದಿನ ಉಳಿದ ಅತಿಥಿಯನ್ನು ಯಾವ ಮನೆಯವರಾದರೂ ಕಳಿಸಿಬಿಡುತ್ತಾರೆ, ಅವರೂ ಕಳಿಸಿದರು.

ಇಲ್ಲಿಗೆ ಬಂದ ಮೇಲೆ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಆ ಪುಟ. 'ನಿಮ್ಮ ಬಗ್ಗೆ ನಮಗೆ ಏನೇನು ಗೊತ್ತಾಗುತ್ತದೆ' ಎಂದು ಅದರ ತಲೆಬರಹ. ಬೇರೆ ತಾಣಗಳು ಇದನ್ನು ಯಾರೂ ಓದದ ಹಾಗೆ ಬರೆಸುತ್ತವೆ. ಅವನು ತನ್ನ ಸೋದರತ್ತೆಗೂ ಅರ್ಥವಾಗುವ ಹಾಗೆ ಬರೆದ. 'ನಿಮ್ಮ ಫೋನ್ ನಂಬರ್ ನಮಗೆ ಗೊತ್ತಾಗುತ್ತದೆ. ಫೋಟೋ ತೆಗೆದ ಜಾಗ, ಹೊತ್ತು ಗೊತ್ತಾಗುತ್ತದೆ. ನೀವು ಕಳಿಸು ಎಂದು ಒತ್ತಿದ ಕೂಡಲೇ ಇವೆಲ್ಲ ನಮ್ಮಲ್ಲಿಗೆ ಬಂದುಬಿಡುತ್ತವೆ. ಆಮೇಲೆ ಅಳಿಸಿದರೂ ನಮ್ಮಲ್ಲಿ ಉಳಿಯುತ್ತವೆ.' ಕೊನೆಗೆ ಆ ಸಾಲು.

ಹೊರದೇಶದ ಕೆಲವು ತಾಣಗಳು ಹೀಗೊಂದು ಸಾಲು ಇಟ್ಟುಕೊಳ್ಳುತ್ತವೆ ಎಂದು ಎಲ್ಲೋ ಓದಿದಾಗ ಅವನಿಗೆ ಮೈ ಜುಮ್ಮೆಂದಿತ್ತು. ಹೇಳಬಾರದು ಎಂದು ಬಾಯಿ ಕಟ್ಟಿದರೆ, ಇರುವುದನ್ನು ತೆಗೆದು ಹೇಳುವುದು. ಇದು ಹೊರದೇಶದ್ದಲ್ಲ, ತನ್ನ ಅಪ್ಪನದು ಅನ್ನಿಸಿತ್ತು.

ಅಪ್ಪ ಚೌಡಯ್ಯ ಚನ್ನರಾಯನದುರ್ಗದ ಬುಡದ ಊರಲ್ಲಿ ತಮಟೆ ಬಡಿದು ಸಾರುವವನು. ಕಂದಾಯ, ಸಿಡುಬಿನ ಚುಚ್ಚುಮದ್ದು, ಜನಗಣತಿ, ಸರ್ಕಾರ ಊರಿಗೆ ಏನು ಹೇಳಬೇಕೆಂದರೂ ಚೌಡಯ್ಯನ ಬಾಯಲ್ಲೇ ಹೇಳಬೇಕು. ಸಾರಿ ಮುಗಿಯಿತು ಎನ್ನುವುದಕ್ಕೆ ಕೊನೆಯಲ್ಲಿ ಮೂರು ಏಟು. ದೇವರಾಜು ಹುಟ್ಟುವುದಕ್ಕೆ ಮುಂಚೆ, ಗಂಡಸರನ್ನು ಜೀಪಿಗೆ ತುಂಬಿಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸುತ್ತಿದ್ದ ವರ್ಷದಲ್ಲಿ, ಜೀಪು ಬರುವ ಹಿಂದಿನ ದಿನ ಚೌಡಯ್ಯ ಬೇರೇನನ್ನೋ ಸಾರಿ ಕೊನೆಗೆ ಎರಡೇ ಏಟು ಹೊಡೆದು ನಿಲ್ಲಿಸುತ್ತಿದ್ದನಂತೆ. ಪಕ್ಕದಲ್ಲಿ ನಿಂತ ಸರ್ಕಾರದ ಆಳಿಗೆ ತಿಳಿಯುತ್ತಿರಲಿಲ್ಲ. ಊರಿನ ದೊಡ್ಡವರೆಲ್ಲ ಏಟು ಎಣಿಸುತ್ತಿದ್ದರು. ಬೆಳಗಾಗುವಷ್ಟರಲ್ಲಿ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ದುರ್ಗದ ಮೇಲೆ ಇರುತ್ತಿದ್ದರು.

ಅಪ್ಪ ಓದಿದವನಲ್ಲ. ತಾನು ಎಂ.ಎ. ಮಾಡಿದವನು. ತನ್ನ ಸಾಲೂ ಹಾಗೇ ಕೆಲಸ ಮಾಡುತ್ತದೆ ಎಂದು ದೇವರಾಜು ನಂಬಿದ್ದ. ನಾಲ್ಕು ತಾಲ್ಲೂಕಿನಲ್ಲೂ ಸಭೆ ಮಾಡಿ, 'ದಿನಾ ಒಂದು ಸಲ ಆ ಸಾಲು ನೋಡಿ, ಇಲ್ಲದಿದ್ದರೆ ಸುಮ್ಮನಾಗಿಬಿಡಿ' ಎಂದು ಹೇಳಿ ಬಂದಿದ್ದ. ಜನ ತಲೆ ಆಡಿಸಿದ್ದರು. ಪಾವಗಡದಲ್ಲಿ ಒಬ್ಬ ಮುದುಕ 'ಬಾಗ ಚೆಪ್ಪಿನಾವು ಸ್ವಾಮಿ' ಎಂದು, ಚೆನ್ನಾಗಿ ಹೇಳಿದೆ ಎಂದು ತೆಲುಗಿನಲ್ಲಿ ಮೆಚ್ಚಿ, ಕೈ ಹಿಡಿದುಕೊಂಡಿದ್ದ.

ಒತ್ತಿದ.

ಸಾಲು ಹೋಯಿತು. ಅದರ ಮೇಲಿನ ಸಾಲು ಏನೂ ಆಗದವರ ಹಾಗೆ ಕೂತಿತ್ತು. ದೇವರಾಜು ಕಿಟಕಿಯಾಚೆ ಮಧುಗಿರಿ ಬೆಟ್ಟ ನೋಡಿದ. ಏಕಶಿಲೆ, ಅಲ್ಲಾಡುವುದಿಲ್ಲ. ಬದುಕಿನಲ್ಲಿ ಮೊದಲ ಸಲ ಒಂದು ಧೈರ್ಯದ ಕೆಲಸ ಮಾಡಿದೆ ಅನ್ನಿಸಿ, ಯಾರಾದರೂ ಫೋನ್ ಮಾಡುತ್ತಾರೆಂದು ಕಾದ.

ಹನ್ನೆರಡಾಯಿತು. ಯಾರೂ ಮಾಡಲಿಲ್ಲ. ಆ ಪುಟವನ್ನು ಈ ದಿನ ಎಷ್ಟು ಜನ ನೋಡಿದ್ದಾರೆ ಎಂದು ತೆಗೆದು ನೋಡಿದ. ಇಬ್ಬರು. ಒಬ್ಬ ಮಧುಗಿರಿಯಿಂದ ಕಂಪ್ಯೂಟರಿನಲ್ಲಿ, ಇನ್ನೊಬ್ಬ ಮಧುಗಿರಿಯಿಂದ ಫೋನಿನಲ್ಲಿ. ಸಾಲು ಸರಿಯಾಗಿ ಹೋಗಿದೆಯೋ ಇಲ್ಲವೋ ಎಂದು ಅವನೇ ಒಮ್ಮೆ ಫೋನಿನಲ್ಲೂ ನೋಡಿದ್ದ.

ಕಳೆದ ತಿಂಗಳ ಪಟ್ಟಿ ತೆಗೆದ. ದಿನಕ್ಕೆ ಒಬ್ಬ. ಅದೂ ಅವನೇ. ಎರಡು ವರ್ಷ ಅವನು ಒಬ್ಬನೇ ತನಗೆ ತಾನೇ ಎಲ್ಲವನ್ನೂ ಬಿಚ್ಚಿ ಹೇಳಿಕೊಳ್ಳುತ್ತಿದ್ದ.

ಪತ್ರದಲ್ಲಿ ಕೇಳಿದ್ದು ಒಬ್ಬರ ವಿವರ. ತಾಣದಲ್ಲಿ ಅವಳ ಹೆಸರು 'ಒಬ್ಬ ಅಡುಗೆಯವಳು'. ಎರಡು ವಾರದ ಹಿಂದೆ ಒಂದು ಶಾಲೆಯ ಅಡುಗೆಮನೆಯ ಕಿಟಕಿಯಿಂದ ತೆಗೆದ ಫೋಟೋ ಹಾಕಿದ್ದಳು. ಮಧ್ಯಾಹ್ನದ ಊಟಕ್ಕೆ ಮಕ್ಕಳು ಸಾಲಾಗಿ ಕೂತಿದ್ದಾರೆ. ಐದು ಮಕ್ಕಳು ಮಾತ್ರ ದೂರದಲ್ಲಿ, ನೀರಿನ ತೊಟ್ಟಿಯ ಹತ್ತಿರ, ಬೇರೆ. ಕೆಳಗೆ ಬರೆದಿದ್ದಳು: 'ಅನ್ನ ಒಂದೇ ಪಾತ್ರೆದು.' ಅಷ್ಟೆ. ನಾಲ್ಕು ಸಾವಿರ ಜನ ನೋಡಿದ್ದರು.

ಅವಳು ಯಾರೆಂದು ದೇವರಾಜುವಿಗೆ ಗೊತ್ತಿತ್ತು. ಆ ನಂಬರ್ ಅವನ ಫೋನಿನಲ್ಲಿ 'ಹನುಮಕ್ಕ' ಎಂದಿತ್ತು. ಅಪ್ಪನ ಊರಿನ ಹೆಣ್ಣುಮಗಳು ಚಿಕ್ಕಹನುಮಕ್ಕ. ಕಳ್ಳಂಬೆಳ್ಳದ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಸತ್ತು ಹನ್ನೆರಡು ವರ್ಷ. ಆ ಶಾಲೆಯ ಒಲೆಯೇ ಅವಳ ಜೀವನ. ಅವಳ ಫೋನಿಗೆ ಊರಬಾಗಿಲು ಹಾಕಿಕೊಟ್ಟವನು ಇವನೇ. 'ಏನೂ ಆಗಲ್ಲ ಅಕ್ಕ' ಎಂದು ಹೇಳಿದವನೂ ಇವನೇ.

ಹೋಗಿ ಹೇಳಬೇಕು. ಹೇಳಿದರೆ ಪತ್ರ ಮೀರಿದ ಹಾಗೆ, ಮೀರಿದರೆ ಏನಾಗುತ್ತದೆ ಎಂದು ಪತ್ರದ ಕೊನೆಯಲ್ಲಿ ಎರಡು ಕಲಂ ನಮೂದಿಸಿದ್ದರು. ಅವನು ಅವುಗಳ ಅರ್ಥ ಹುಡುಕಿ ಓದಿದ್ದ. ಓದಬಾರದಿತ್ತು. ಆದರೂ ಅವಳೊಬ್ಬಳಾದರೂ ಸಾಲು ಹೋದದ್ದನ್ನು ನೋಡಿದರೆ ಸಾಕು. ತಾನು ಬಾಯಿ ಬಿಡಬೇಕಾಗಿಲ್ಲ. ಫೋನ್ ತೆಗೆಸಿ, ಪುಟ ತೋರಿಸಿ, ಸುಮ್ಮನೆ ಕೂತರಾಯಿತು.

ಸಿರಾ ಬಸ್ಸು ಹತ್ತಿದ. ಬಡವನಹಳ್ಳಿ ದಾಟುವಾಗ ಗಂಗಲಕ್ಷ್ಮಿ ಫೋನ್ ಮಾಡಿದಳು.

"ಎಲ್ಲಿದೀರ?"

"ಆಫೀಸಲ್ಲಿ."

"ಗಾಳಿ ಸದ್ದು ಬರ್ತಿದೆ."

"ಫ್ಯಾನು."

"ಸರಿ. ಬರ್ತಾ ಸಿರಾದಲ್ಲಿ ಒಳ್ಳೆ ಸೊಪ್ಪು ಸಿಕ್ಕಿದ್ರೆ ತನ್ನಿ" ಎಂದಳು.

ಮಗಳು ಕಳೆದ ದೀಪಾವಳಿಯಲ್ಲಿ ಮೂವರ ಫೋನಿನಲ್ಲೂ ಏನೋ ಮಾಡಿಕೊಟ್ಟಿದ್ದಳು. ಯಾರು ಎಲ್ಲಿದ್ದಾರೆ ಎಂದು ಒಂದು ನೀಲಿ ಚುಕ್ಕೆ ತೋರಿಸುತ್ತದೆ. ಅವನಿಗೆ ಮರೆತುಹೋಗಿತ್ತು. ಎಷ್ಟು ದಿನದಿಂದ ಅವಳು ಹೀಗೆ ಚುಕ್ಕೆ ನೋಡಿ, ಎಲ್ಲಿದೀರ ಎಂದು ಕೇಳಿ, ಅವನ ಸುಳ್ಳಿಗೆ ಸರಿ ಅಂದಿದ್ದಾಳೋ. ಜಗಳವಾದರೂ ಆಡಬಹುದಿತ್ತು. ಅವಳು ಸೊಪ್ಪು ಕೇಳಿದ್ದಳು.

ಸಿರಾದಲ್ಲಿ ಬಸ್ಸು ಬದಲಿಸಿ ಕಳ್ಳಂಬೆಳ್ಳದಲ್ಲಿ ಇಳಿದ. ಅಲ್ಲಿಂದ ಆಟೋ. ಕೆರೆಯ ಏರಿಯ ಮೇಲೆ ಹೋಗುವಾಗ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ನಾಲ್ಕು ಸಲ ತಿದ್ದಿದ. ನಾಲ್ಕೂ ಸಲ ಅದು ಪತ್ರದ ಭಾಷೆಯಲ್ಲೇ ಬಂತು.

ಚಿಕ್ಕಹನುಮಕ್ಕ ಆಗತಾನೇ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಸೀರೆಗೆ ಸಾಂಬಾರಿನ ವಾಸನೆ.

"ಅಯ್ಯೋ, ದೇವಣ್ಣ! ಹೇಳ್ದೆ ಕೇಳ್ದೆ ಬಂದ್ಬುಟ್ಟಿದೀಯಲ್ಲಪ್ಪ. ಬಾ, ಕುಂತ್ಕ ಬಾ. ಗಂಗಲಕ್ಷ್ಮಿ ಹೆಂಗವ್ಳೆ?"

"ಚೆನ್ನಾಗಿದಾಳೆ."

"ಮಖ ಯಾಕೆ ಇಂಗೆ ಬಾಡೈತೆ? ಉಂಡಿಲ್ವಾ?"

"ಆಗಿದೆ ಅಕ್ಕ."

ಅವಳು ನಂಬಲಿಲ್ಲ. ತಟ್ಟೆಯಲ್ಲಿ ಮಂಡಕ್ಕಿ, ಹುರಿಗಡಲೆ ತಂದಿಟ್ಟಳು. ಒಲೆಯ ಮೇಲೆ ಟೀಗೆ ನೀರಿಟ್ಟಳು. ಹಾಗೆ ಮಾಡುತ್ತಲೇ, ಬೆನ್ನು ಹಾಕಿಕೊಂಡೇ ಕೇಳಿದಳು.

"ಇವತ್ತು ಹೆಡ್ಮೇಷ್ಟ್ರು ನನ್ನ ಫೋನ್ ನಂಬ್ರು ಕೇಳುದ್ರು ಕಣಪ್ಪ. ಹತ್ತು ವರ್ಷದಿಂದ ಅವ್ರ ತಾವ ಐತೆ. ಮತ್ಯಾಕೆ ಸಾ ಅಂದ್ರೆ, ಏನೋ ಲಿಸ್ಟಿಗೆ ಅಂದ್ರು. ನನ್ನ ಮಖಾನೇ ನೋಡ್ದಂಗೆ ಅಂದ್ರು."

ದೇವರಾಜು ಮಂಡಕ್ಕಿಯನ್ನು ಬೆರಳಲ್ಲಿ ಸರಿಸಿದ.

"ಯಾರಾನ ಕೇಳವ್ರಾ ದೇವಣ್ಣ, ನಿನ್ನ?"

ಇದೇ ಗಳಿಗೆ. ಇದಕ್ಕೇ ಎರಡು ಬಸ್ಸು, ಒಂದು ಆಟೋ ಹತ್ತಿ ಬಂದಿದ್ದ.

"ಅಕ್ಕ, ಆ ಪುಟ ನೋಡ್ತೀಯಾ? ನಾನು ಹೇಳಿದ್ದೆನಲ್ಲ, ದಿನಾ ನೋಡು ಅಂತ."

ಅವಳ ಮುಖ ಅರಳಿತು. "ನೋಡ್ದೆ ಇರ್ತೀನಾ? ದಿನಾ ನೋಡ್ತೀನಿ. ಬೆಳಿಗ್ಗೆ ಸ್ಕೂಲ್‌ಗೆ ಹೋಗೋಕ್ ಮುಂಚೆ ಒಂದ್ ಕಿತ, ಬಂದ್ ಮೇಲೊಂದ್ ಕಿತ. ಐತೆ ಕಣಪ್ಪ. ಅಂಗೇ ಐತೆ."

"ಇದೆಯಾ?"

"ಇಲ್ದೆ ಎಲ್ಲೋಯ್ತದೆ?"

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಬುದ್ಧನ ಕ್ಯಾಲೆಂಡರಿನ ಪಕ್ಕದಲ್ಲಿ, ಮೊಳೆಗೆ ದಾರ ಕಟ್ಟಿ ಒಂದು ಹಾಳೆ ನೇತುಹಾಕಿದ್ದಳು. 'ನಿಮ್ಮ ಬಗ್ಗೆ ನಮಗೆ ಏನೇನು ಗೊತ್ತಾಗುತ್ತದೆ.' ಹಾಳೆಗೆ ದಪ್ಪ ಲ್ಯಾಮಿನೇಷನ್. ನಾಲ್ಕು ಮೂಲೆ ಗುಂಡಾಗಿ ಕತ್ತರಿಸಿದ್ದರು.

"ನೀನು ಮೀಟಿಂಗಲ್ಲಿ ಹೇಳ್ದೆಯಲ್ಲ, ಅವತ್ತೇ ಸಿರಾಕ್ಕೋಗಿ ಪ್ರಿಂಟ್ ಹಾಕುಸ್ದೆ. ಆಧಾರ್ ಕಾರ್ಡು, ರೇಷನ್ ಕಾರ್ಡು ಮಾಡ್ಸಿದ್ನಲ್ಲ, ಅದೇ ಸಾಬ್ರ ಅಂಗ್ಡೀಲಿ. 'ಪಕ್ಕಾ ಮಾಲು ಅಮ್ಮ, ನೀರಲ್ಲಿ ಹಾಕಿದ್ರೂ ಏನೂ ಆಗಲ್ಲ' ಅಂದ್ರು. ಫೋನಲ್ಲಿ ಅಕ್ಸರ ಸಣ್ಣವು, ನಂಗೆ ಕಾಣಲ್ಲ."

ಅವಳು ನಾಲ್ಕನೆಯ ಕ್ಲಾಸು ಓದಿದವಳು. ಎದ್ದು ಹೋಗಿ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು ಓದಿದಳು. "ಈ ದಿನ-ದವರೆಗೆ ಯಾವ ಸರ್ಕಾರಿ ಕಚೇರಿಯೂ..." ತಿರುಗಿ ನಕ್ಕಳು. "ಇದು ಇರೋಗಂಟ ನಂಗೇನು ಭಯ?"

ದೇವರಾಜು ಬಾಯಿ ತೆರೆದ. ಇದು ಹಳೆಯ ಹಾಳೆ ಅಕ್ಕ, ಫೋನಿನಲ್ಲಿರುವುದು ನಿಜವಾದ ಪುಟ, ಅದರಲ್ಲಿ ಈ ಸಾಲಿಲ್ಲ. ಸಣ್ಣ ಮೂರು ಮಾತು. ಅದನ್ನು ಹೇಳಿದರೆ ಅವಳು ಯಾಕೆ ಇಲ್ಲ ಎಂದು ಕೇಳುತ್ತಾಳೆ. ಯಾಕೆ ಎಂದರೆ ಪತ್ರ. ನಾಳೆ ಅವಳನ್ನು ಕೂರಿಸಿ ಯಾರು ಹೇಳಿದರು ಎಂದು ಕೇಳಿದರೆ, ಈ ಹೆಂಗಸಿಗೆ ಸುಳ್ಳು ಹೇಳಲು ಬರುವುದಿಲ್ಲ. ದೇವಣ್ಣ ಅನ್ನುತ್ತಾಳೆ. ಅವನು ಬಾಯಿ ಮುಚ್ಚಿಕೊಂಡ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಟೀ ಚೆನ್ನಾಗಿದೆ" ಎಂದ. ಇನ್ನೂ ಕೊಟ್ಟಿರಲಿಲ್ಲ.

ಅವಳಿಗೆ ಅದು ಕೇಳಿಸಲಿಲ್ಲ. ಸೊಂಟದಿಂದ ಫೋನ್ ತೆಗೆದು ಅವನ ಪಕ್ಕ ಕೂತಳು.

"ಒಳ್ಳೆ ಹೊತ್ಗೆ ಬಂದೆ. ಇವತ್ತು ಇನ್ನೊಂದು ತೆಗ್ದಿದೀನಿ. ನೋಡಿಲ್ಲಿ."

ಅದೇ ತೊಟ್ಟಿ, ಅದೇ ಐದು ಮಕ್ಕಳು. ಈ ಸಲ ಹತ್ತಿರದಿಂದ. ಅನ್ನವನ್ನು ಎರಡಡಿ ಮೇಲಿನಿಂದ ತಟ್ಟೆಗೆ ಬಿಡುತ್ತಿರುವ ಕೈ ಸ್ಪಷ್ಟವಾಗಿ ಕಾಣುತ್ತಿತ್ತು. ಬಡಿಸುವವರ ಮುಖವೂ. ಒಂದು ಮಗು ತಟ್ಟೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದಿತ್ತು, ಅನ್ನ ಚೆಲ್ಲದಿರಲಿ ಎಂದು.

"ಅದು ಲಚ್ಚಿ ಮಗಳು" ಎಂದಳು ಚಿಕ್ಕಹನುಮಕ್ಕ. "ಆರು ವರ್ಷ ಕಣೋ. ತಟ್ಟೆ ಅಂಗೆ ಎತ್ತ್ ಹಿಡೀಬೇಕು ಅಂತ ಅದ್ಕೆ ಯಾರ್ ಹೇಳ್ಕೊಟ್ರು?"

ದೇವರಾಜುವಿಗೆ ತನಗೆ ಹೇಳಿಕೊಟ್ಟವರು ನೆನಪಿದ್ದರು.

"ಕಳುಸ್ಲಾ?"

"ಈಗಲೇ ಬೇಡ."

"ಯಾಕೆ?"

"ಸುಮ್ಮನೆ. ನಾಲ್ಕು ದಿನ ಬಿಟ್ಟು."

"ಕೂಸು ನಾಲ್ಕು ದಿನ ಅಂಗೇ ಉಣ್ಣಲಾ?" ಅವನ ಮುಖವನ್ನೇ ನೋಡಿದಳು. "ಏನಾರಾ ಐತಾ ದೇವಣ್ಣ? ಇದ್ರೆ ಹೇಳ್ಬುಡು. ನಾನು ಒಬ್ಳು. ಕೆಲ್ಸ ಹೋದ್ರೆ ಈ ಊರಲ್ಲಿ ನನ್ನ ಯಾರ್ ಕರೀತಾರೆ? ಹೇಳ್ಬುಡಪ್ಪ, ಸುಮ್ಕಾಗ್ತೀನಿ."

"ಏನಿಲ್ಲ ಅಕ್ಕ."

ಮಾತು ತಾನಾಗಿ ಬಂದಿತ್ತು, ಆಫೀಸಲ್ಲಿ ಎಂದು ಬಂದ ಹಾಗೆ.

ಅವನ ಕೈ ಮಾತ್ರ ಒಪ್ಪಲಿಲ್ಲ. ಮಂಡಕ್ಕಿಯ ತಟ್ಟೆ ಖಾಲಿ ಮಾಡಿ ಮಡಿಲಲ್ಲಿ ಬೋರಲು ಹಾಕಿಕೊಂಡ. ಸ್ಟೀಲಿನ ತಳ. ಅಪ್ಪ ಬಡಿಯುತ್ತಿದ್ದ ಹಾಗೆ ಬೆರಳು ಮಡಿಸಿ ಬಡಿಯತೊಡಗಿದ. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಚಿಕ್ಕಹನುಮಕ್ಕನಿಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಕಣ್ಣು ತುಂಬಿ ಬಂತು.

"ಚೌಡಣ್ಣನ ತಮಟೆ!" ಎಂದಳು. "ಅಯ್ಯೋ ಸಿವ್ನೆ, ಎಷ್ಟು ವರ್ಷ ಆಯ್ತು. ನಾನಾಗ ಇಷ್ಟುದ್ದ ಇದ್ದೆ. ಒಂದೊಂದ್ ದಿನ ತಮಟೆ ಆದ್ಮೇಲೆ ನಮ್ಮವ್ವ ರಾತ್ರೋರಾತ್ರಿ ಬುತ್ತಿ ಕಟ್ಕಂಡು ನಮ್ಮುನ್ನೆಲ್ಲ ದುರ್ಗದ್ ಮ್ಯಾಕೆ ಕರ್ಕೊಂಡೋಗಳು. ಅದ್ಯಾಕೆ ಅಂತ ಇವತ್ಗೂ ಗೊತ್ತಿಲ್ಲ. ಏನ್ ಚೆಂದಾಗಿರ್ತಿತ್ತು ಕಣೋ. ಬಂಡೆ ಮೇಲೆ ಬುತ್ತಿ ಉಂಡು ಆಟ ಆಡಿದ್ದೇ ಆಡಿದ್ದು."

ಅವಳಿಗೆ ಗೊತ್ತಿಲ್ಲ. ದೊಡ್ಡವರು ಎಣಿಸುತ್ತಿದ್ದರು, ಮಕ್ಕಳು ಆಡುತ್ತಿದ್ದರು. ಈಗಲಾದರೂ ನೆನಪಿಸಿಕೊಳ್ಳಲಿ. ಅವನು ಬಡಿತವನ್ನು ಮುಕ್ತಾಯಕ್ಕೆ ತಂದ. ಕೈಯನ್ನು ಎತ್ತಿ, ಬಿಡಿಬಿಡಿಯಾಗಿ ಕೊನೆಯ ಏಟು ಹೊಡೆದ.

ಒಂದು.

ಎರಡು.

ನಿಲ್ಲಿಸಿದ. ಕೈ ಮೇಲೆಯೇ ಇತ್ತು. ಅವಳ ಕಣ್ಣನ್ನೇ ನೋಡಿದ. ತನ್ನ ಕಣ್ಣಲ್ಲಿ ಏನಿದೆಯೋ ಅದೆಲ್ಲ ಅವಳಿಗೆ ಕಾಣಲಿ ಎಂದು, ನಲವತ್ತೈದು ವರ್ಷದಲ್ಲಿ ಯಾರನ್ನೂ ನೋಡದ ಹಾಗೆ ನೋಡಿದ. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

ಚಿಕ್ಕಹನುಮಕ್ಕನ ಮುಖದಲ್ಲಿ ಒಂದು ಗಳಿಗೆ ಏನೋ ತಡಕಾಡಿತು. ಆಮೇಲೆ ಅವಳು ಬಾಗಿ, ಅವನ ಮಡಿಲಿನ ತಟ್ಟೆಯ ಮೇಲೆ ತಾನೇ ಬೆರಳು ಮಡಿಸಿ ಹೊಡೆದಳು.

ಮೂರು.

"ಮೂರು ಕಣೋ ನಿಮ್ಮಪ್ಪ ಹೊಡೀತಿದ್ದುದ್ದು" ಎಂದು ನಕ್ಕಳು. "ಅಪ್ಪನ ಏಟೇ ಮರ್ತ್ಬುಟ್ಟೆಯಾ?"

ನಗುತ್ತಲೇ, ಅದೇ ಬೆರಳಲ್ಲಿ ಫೋನಿನ ಮೇಲೆ ಕಳಿಸು ಎಂದು ಒತ್ತಿದಳು. ಟೀ ನೀರು ಇಂಗಿಹೋಗುತ್ತದೆ ಎಂದು ಒಲೆಯ ಕಡೆ ಓಡಿದಳು.

ದೇವರಾಜುವಿನ ಜೇಬಿನಲ್ಲಿ ಫೋನ್ ನಡುಗಿತು. ಬಂದ ಫೋಟೋ ಎಲ್ಲ ಮೊದಲು ಅವನ ಒಪ್ಪಿಗೆಗೆ ಬರುತ್ತವೆ. ತೆಗೆಯದೆಯೇ ಅವನಿಗೆ ಗೊತ್ತಿತ್ತು: ಒಬ್ಬ ಅಡುಗೆಯವಳು, ಇಷ್ಟು ಹೊತ್ತಿಗೆ, ಈ ಜಾಗದಿಂದ. ಒಪ್ಪಲಿ ಬಿಡಲಿ, ಅದೀಗ ಅಳಿಸಿದರೂ ಉಳಿಯುತ್ತದೆ. ಅವನೇ ಬರೆದಿದ್ದ, ಸೋದರತ್ತೆಗೂ ಅರ್ಥವಾಗುವ ಹಾಗೆ.

ಬಾಗಿಲಿನಿಂದ ಇಳಿಬಿಸಿಲು ಬಂದು ಗೋಡೆಯ ಹಾಳೆಯ ಮೇಲೆ ಬಿದ್ದಿತ್ತು. ಅವನು ಕೂತಲ್ಲಿಂದ ಕೊನೆಯ ಸಾಲು ಕಾಣುತ್ತಿರಲಿಲ್ಲ. ಅದು ಇದ್ದ ಕಡೆ ಪ್ಲಾಸ್ಟಿಕ್ಕು ಬರೀ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಒಬ್ಬ ಗಂಡಸಿನ ನೆರಳು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು, ಒಂದು ಕೈಯನ್ನು ಹಾಗೇ ಮೇಲೆತ್ತಿಕೊಂಡು ಕೂತಿತ್ತು.

"ಸಕ್ರೆ ಎಷ್ಟು ಹಾಕ್ಲಪ್ಪ?" ಎಂದು ಒಳಗಿನಿಂದ ಕೇಳಿಸಿತು.